ಹಿಮದಲ್ಲಿ ನಾನು ಬೀಳಲಿಲ್ಲ

ನಗರ್ತಪೇಟೆಯ ನಮ್ಮ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: ರೇಷ್ಮೆ ಅಂಗಡಿಯವರ ದೊಡ್ಡ ಮಗಳು ಹಿಮದ ಮೇಲೆ ಜಾರಾಡಲು ಹೋಗಿ, ಬಿದ್ದು, ಬೆನ್ನು ಮುರಿದುಕೊಂಡು ಬಂದಿದ್ದಾಳೆ. ಕೆಲವರು ಈಗಲೂ ಹಾಗೇ ಹೇಳುತ್ತಾರೆ.

ಆ ಮಗಳು ನಾನು, ಚೈತ್ರಾ. ನಾನು ಬೀಳಲಿಲ್ಲ. ನನಗೆ ಬಂದದ್ದು ಬೆನ್ನುಮೂಳೆಯ ಟಿಬಿ. ಈಗ ಮಾತ್ರೆಗಳು ಮುಗಿದಿವೆ, ಬೆನ್ನಿನ ಬೆಲ್ಟು ಅಟ್ಟ ಸೇರಿದೆ. ಇದನ್ನು ಬರೆಯುತ್ತಿರುವುದು ಯಾವುದೋ ಕೋಣೆಯಲ್ಲಿ ಅಂಗಾತ ಮಲಗಿ, ತನ್ನ ಕಾಯಿಲೆಗೆ ಮನೆಯವರು ಇಟ್ಟ ಬೇರೆ ಹೆಸರನ್ನು ಕೇಳಿಸಿಕೊಳ್ಳುತ್ತಿರುವವರಿಗಾಗಿ. ರೋಗದ ವಿವರ ನಿಮ್ಮ ಡಾಕ್ಟರು ಹೇಳುತ್ತಾರೆ. ಉಳಿದದ್ದನ್ನು ನಾನು ಹೇಳುತ್ತೇನೆ.

ಮೊದಲು ಆಟದ ಮಾತು. ಕಾಲೇಜಿನಲ್ಲಿದ್ದಾಗ ಚಾರಣದ ಶಿಬಿರಕ್ಕೆಂದು ಮನಾಲಿಗೆ ಹೋದವಳು ಅಲ್ಲಿ ಮೊದಲ ಸಲ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡೆ, ಹುಚ್ಚು ಹಿಡಿಯಿತು. ನನ್ನ ಸ್ಪರ್ಧೆಯ ಹೆಸರು ಸ್ಲಾಲಮ್. ಹಿಮದ ಇಳಿಜಾರಿನಲ್ಲಿ ನೆಟ್ಟ ಕೋಲುಗಳ ನಡುವೆ ಎಡಕ್ಕೂ ಬಲಕ್ಕೂ ಹೊರಳುತ್ತಾ, ಒಂದನ್ನೂ ತಪ್ಪಿಸದೆ, ಎಲ್ಲರಿಗಿಂತ ಬೇಗ ಕೆಳಗೆ ಮುಟ್ಟಬೇಕು. ಎರಡು ಸಲ ಇಳಿಯಬೇಕು, ಎರಡರ ಸಮಯವನ್ನೂ ಕೂಡಿಸುತ್ತಾರೆ. ಬಿದ್ದರೆ ಆಟ ಮುಗಿಯಿತು.

ಬೆಂಗಳೂರಿನಲ್ಲಿ ಹಿಮವೆಲ್ಲಿ? ನಾನು ಬೆಳಕು ಹರಿಯುವ ಹೊತ್ತಿಗೆ ಬಸವನಗುಡಿಯ ಇಳಿಜಾರು ರಸ್ತೆಗಳಿಗೆ ಹೋಗಿ ಚಕ್ರದ ಸ್ಕೇಟ್ಸ್ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಕೋಲುಗಳ ಬದಲು ಚಿಕ್ಕಪೇಟೆಯ ನಮ್ಮ ಅಂಗಡಿಯಲ್ಲಿ ಬಟ್ಟೆ ಸುತ್ತಿ ಬರುವ ಉದ್ದನೆಯ ರಟ್ಟಿನ ಕೊಳವೆಗಳನ್ನು ಮರಳು ತುಂಬಿದ ಡಬ್ಬಗಳಲ್ಲಿ ನಿಲ್ಲಿಸುತ್ತಿದ್ದೆ. ಎದುರುಮನೆಯ ಲಲಿತಮ್ಮನವರಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿಯಿದೆ. ಅವರಿಗೆ ನನ್ನನ್ನು ಕಂಡರೆ ಒಂದೇ ಪ್ರಶ್ನೆ: "ಏನಮ್ಮ, ಇವತ್ತು ಐಸು ಎಲ್ಲಿ ಸಿಕ್ತು, ಜ್ಯೂಸ್ ಅಂಗಡೀಲಾ?"

ಬೆಟ್ಟದಲ್ಲೇ ಹುಟ್ಟಿದ ಹುಡುಗಿಯರು ನನಗಿಂತ ಜೋರಾಗಿ ಇಳಿಯುತ್ತಿದ್ದರು. ಆದರೆ ಎರಡರಲ್ಲಿ ಒಂದು ಸಲ ಎಲ್ಲೋ ಒಂದು ಕಡೆ ಬೀಳುತ್ತಿದ್ದರು. ನಾನು ಬೀಳುತ್ತಿರಲಿಲ್ಲ. ಹಾಗೇ ರಾಷ್ಟ್ರಮಟ್ಟದಲ್ಲಿ ಚಾಂಪಿಯನ್ ಆದೆ, ಮರುವರ್ಷ ಮತ್ತೊಮ್ಮೆ ಆದೆ. ಮನಾಲಿಯಲ್ಲಿ ತರಬೇತಿ ಶಿಬಿರ ನಡೆಸುವ ನನ್ನ ಕೋಚ್ ಠಾಕೂರ್ ಸರ್ ಹೊಸ ಹುಡುಗಿಯರಿಗೆ ನನ್ನನ್ನು ತೋರಿಸಿ, "ಈ ಮದ್ರಾಸಿಯನ್ನು ನೋಡಿ ಕಲಿಯಿರಿ, ಇವಳು ಬೀಳುವುದಿಲ್ಲ" ಎನ್ನುತ್ತಿದ್ದರು. ಬೆಂಗಳೂರು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ಮದ್ರಾಸಿಯೇ. ಗೆದ್ದ ಕಪ್‌ಗಳಿಗಿಂತ ಆ ಮಾತು ನನಗೆ ದೊಡ್ಡದಾಗಿತ್ತು. ಜಂಬವೆಂದರೆ ಜಂಬ, ಇಲ್ಲವೆನ್ನುವುದಿಲ್ಲ.

ಎರಡನೆಯ ಸಲ ಗೆದ್ದು ಊರಿಗೆ ಬಂದಾಗಲೇ ಬೆನ್ನಿನ ನಡುವೆ ನೋವಿತ್ತು. ಆಟಗಾರರಿಗೆ ನೋವು ದಿನಾ ಬಂದುಹೋಗುವ ನೆಂಟ ಇದ್ದ ಹಾಗೆ, ಬಂದಾಗ ಯಾರೂ ಗಮನಿಸುವುದಿಲ್ಲ. ಎಣ್ಣೆ ಹಚ್ಚಿಸಿದೆ, ಬಿಸಿನೀರಿನ ಚೀಲ ಇಟ್ಟುಕೊಂಡೆ, ಫಿಸಿಯೋ ಹತ್ತಿರ ಹೋದೆ. ಸಂಜೆಯಾದರೆ ಮೈ ಕಾಯುತ್ತಿತ್ತು. ಅಮ್ಮ ದೃಷ್ಟಿ ತೆಗೆದಳು. ಊಟ ಸೇರದೆ ಬಟ್ಟೆಗಳು ದೊಗಲೆಯಾದವು. ಒಂದು ದಿನ ಚಿಕ್ಕಪೇಟೆ ಮೆಟ್ರೋ ನಿಲ್ದಾಣದ ಮೆಟ್ಟಿಲು ಇಳಿಯುವಾಗ ಬಲಗಾಲು ನನ್ನದಲ್ಲ ಎನಿಸಿತು. ಕಂಬಿ ಹಿಡಿದು ನಿಂತೆ. ಕಡಿದಾದ ಹಿಮದಲ್ಲಿ ನಡುಗದ ನನ್ನ ಕಾಲು ಜನ ತರಕಾರಿ ಚೀಲ ಹಿಡಿದು ಓಡಾಡುವ ಮೆಟ್ಟಿಲಲ್ಲಿ ನಡುಗುತ್ತಿತ್ತು. ಆವತ್ತು ನನಗೆ ನಿಜವಾಗಿ ಭಯವಾಯಿತು.

ಸ್ಕ್ಯಾನ್ ಮಾಡಿಸುವಲ್ಲಿಗೆ ಅಪ್ಪಾಜಿಯ ಜೊತೆ ಅಜ್ಜಿಯೂ ಹೊರಟರು. ಬೇಡವೆಂದರೆ ಕೇಳುವವರಲ್ಲ. ಅಲ್ಲಿಯ ಹುಡುಗ ಮೈಮೇಲೆ ಲೋಹದ ಚೂರೂ ಇರಬಾರದೆಂದ. ಓಲೆ, ಉಂಗುರ ಬಿಚ್ಚಿದೆ. ಉಳಿದದ್ದು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ನನ್ನ ಮೈ ಬಿಟ್ಟಿರಲಿಲ್ಲ. ಸ್ಪರ್ಧೆಗಳಲ್ಲಿ ಅಲ್ಲಾಡದಿರಲೆಂದು ಎದೆಗೆ ಟೇಪು ಹಾಕಿ ಅಂಟಿಸಿಕೊಂಡು ಇಳಿಯುತ್ತಿದ್ದೆ. ನಾನು ಅಜ್ಜಿಯ ಮುಖ ನೋಡಿದೆ. ಅವರು ಒಂದು ಗಳಿಗೆ ಯೋಚಿಸಿ, ಲಿಂಗವನ್ನು ಹೊರತೆಗೆದು ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡರು.

"ಹೋಗು. ನೀನು ಬರೋವರ್ಗೂ ಕೆಳಗಿಡಲ್ಲ."

ಆ ಯಂತ್ರದ ಕೊಳವೆಯಲ್ಲಿ ಮಲಗಿದವರಿಗೆ ಗೊತ್ತು, ಮೂಗಿನ ಮುಂದೆಯೇ ಗೋಡೆ. ಕಿವಿಯಲ್ಲಿ ಸುತ್ತಿಗೆ ಬಡಿತ. ನಮಗೊಂದು ಅಭ್ಯಾಸವಿದೆ: ಸ್ಪರ್ಧೆಗೆ ಮುಂಚೆ ಕೋಲುಗಳ ಜಾಗವನ್ನೆಲ್ಲ ನೋಡಿಕೊಂಡು ಬಂದು, ಕಣ್ಣು ಮುಚ್ಚಿ, ಅಂಗೈಯನ್ನು ಅತ್ತಿತ್ತ ತಿರುಗಿಸುತ್ತಾ ಇಡೀ ದಾರಿಯನ್ನು ಮನಸ್ಸಿನಲ್ಲೇ ಇಳಿಯುವುದು. ನಾನು ಹಾಗೆ ಇಳಿಯತೊಡಗಿದೆ. ಮೈಕಿನಲ್ಲಿ ಆ ಹುಡುಗನ ದನಿ ಬಂತು: "ಮೇಡಂ, ಕೈ ಆಡಿಸ್ಬೇಡಿ. ಮತ್ತೆ ಮೊದಲಿಂದ ಮಾಡ್ಬೇಕಾಗತ್ತೆ." ಅರ್ಧ ಇಳಿಜಾರಿನಲ್ಲಿ ನಿಂತುಬಿಟ್ಟೆ. ಹೊರಗೆ ಬಂದಾಗ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಅಂಗೈ ಹಾಗೇ ಇತ್ತು, ತೋಳು ಸೋತಿತ್ತು. ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿದ್ದ ಯಾರೋ ಹೆಂಗಸು ಅವರ ಮೊಣಕೈಗೆ ತನ್ನ ಕೈ ಆನಿಸಿ ಹಿಡಿದಿದ್ದಳು.

ಬೆನ್ನಿಗೆ ಸೂಜಿ ಹಾಕಿ ತೆಗೆದ ಮೂಳೆಯ ಚೂರಿನ ಪರೀಕ್ಷೆಯೂ ಆದಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡರು. ಬೆನ್ನುಮೂಳೆಯ ಟಿಬಿ, ಪೂರ್ತಿ ಗುಣವಾಗುತ್ತದೆ, ಶ್ವಾಸಕೋಶದಲ್ಲಿ ಇಲ್ಲದ್ದರಿಂದ ಯಾರಿಗೂ ಅಂಟುವುದಿಲ್ಲ, ಆದರೆ ಮೂಳೆ ಕುಸಿಯದಂತೆ ತಿಂಗಳುಗಟ್ಟಲೆ ಮಲಗಬೇಕು ಎಂದರು. ನಾನು ಕೇಳಿದ್ದು ಒಂದೇ: "ಮುಂದಿನ ಸೀಸನ್‌ಗೆ?" ಅವರು ತಲೆಯಾಡಿಸಿ, "ಮೊದ್ಲು ನಡೆಯೋ ಸೀಸನ್ ಬರ್ಲಿ" ಎಂದರು. ಅಪ್ಪಾಜಿ ಟಿಬಿ ಎಂಬ ಪದವನ್ನು ಬಾಯಿಗೇ ತರಲಿಲ್ಲ. "ಅಂದ್ರೆ... ಅದೇನಾ ಡಾಕ್ಟ್ರೇ?" ಎಂದು ಕೇಳಿ, ಎದ್ದು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದರು.

ಮನೆಗೆ ಬರುವಾಗ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದ್ದರು. ಅಪ್ಪಾಜಿ ಮುಂದೆ ಕೂತು, ತಿರುಗದೆ ಹೇಳಿದರು:

"ಯಾರಾದ್ರೂ ಕೇಳಿದ್ರೆ ಬಿದ್ದೆ ಅನ್ನು."

"ನಾನು ಬಿದ್ದಿಲ್ಲ ಅಪ್ಪಾಜಿ."

"ಗೊತ್ತು ಕಣಮ್ಮ. ಬಿದ್ದೋರ್ನ ಎತ್ತಕ್ಕೆ ನಾಕು ಜನ ಬರ್ತಾರೆ. ಇದನ್ನ ಹೇಳಿದ್ರೆ ಬಂದೋರೂ ಎದ್ದು ಹೋಗ್ತಾರೆ. ಪಲ್ಲವಿ ಮಾತುಕತೆ ನಡೀತಿದೆ, ಯೋಚ್ನೆ ಮಾಡು."

ಪಲ್ಲವಿ ನನ್ನ ತಂಗಿ. ಚಾಮರಾಜಪೇಟೆಯ ಒಂದು ಮನೆಯವರು ಅವಳನ್ನು ನೋಡಿ ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವುದಷ್ಟೇ ಬಾಕಿಯಿತ್ತು.

ಅಪ್ಪಾಜಿ ಕೆಟ್ಟವರಲ್ಲ. ಅವರು ಮಾಡಿದ್ದು ವ್ಯಾಪಾರದ ಹಳೆಯ ಜಾಣತನ. ಸೀರೆಯ ಒಡಲಲ್ಲಿ ನೇಯ್ಗೆಯ ದೋಷವಿದ್ದರೆ ಕೆಲವು ಅಂಗಡಿಯವರು ತಾವೇ ಸೆರಗಿನ ಮೇಲಿನ ಮಡಿಕೆಯ ಗೆರೆ ತೋರಿಸಿ, "ನೋಡಿ, ಇಲ್ಲೊಂಚೂರು ಗುರುತಿದೆ, ಇಸ್ತ್ರಿಗೆ ಹೋಗತ್ತೆ" ಎನ್ನುತ್ತಾರೆ. ಕೊಳ್ಳುವವರು ಆ ಗೆರೆಯನ್ನೇ ನೋಡುತ್ತಾರೆ, ಒಡಲನ್ನು ಬಿಚ್ಚಿಸುವುದಿಲ್ಲ. ಅಪ್ಪಾಜಿ ಅಂಗಡಿಯಲ್ಲಿ ಎಂದೂ ಹಾಗೆ ಮಾಡಿದವರಲ್ಲ, ಗಿರಾಕಿ ಬೇಡವೆಂದರೂ ಸೀರೆಯನ್ನು ಪೂರ್ತಿ ಬಿಚ್ಚಿ ಹರಡುವವರು. ನನ್ನ ವಿಷಯದಲ್ಲಿ ಮಾತ್ರ ಮಡಿಕೆಯ ಗೆರೆ ತೋರಿಸಿದರು.

ಮಹಡಿಯ ಕೋಣೆ ನನ್ನದಾಯಿತು. ಗಟ್ಟಿ ಹಾಸಿಗೆ, ಕುತ್ತಿಗೆಯಿಂದ ಸೊಂಟದವರೆಗೆ ಕಚ್ಚಿ ಹಿಡಿಯುವ ಬೆಲ್ಟು. ಮಗ್ಗುಲಾಗಬೇಕಾದರೂ ಅಮ್ಮ ಮತ್ತು ಪಲ್ಲವಿ ಇಬ್ಬರೂ ಸೇರಿ ಮರದ ದಿಮ್ಮಿಯ ಹಾಗೆ ಉರುಳಿಸಬೇಕು. ಕಿಟಕಿಯಾಚೆ ಕೈಗೆ ಸಿಗುವಷ್ಟು ಹತ್ತಿರ ಲಲಿತಮ್ಮನವರ ಗೋಡೆ, ಅದರ ಮೇಲೆ ಒಂದು ಹಳದಿ ಪೈಪು. ಆಕಾಶವಿಲ್ಲ. ಕೆಳಗೆ ಕೈಗಾಡಿಗಳ ಗಲಾಟೆ, "ಸೈಡ್ ಸೈಡ್" ಎನ್ನುವ ಹಮಾಲರ ಕೂಗು. ಊರಿಗೆ ಊರೇ ಓಡಾಡುತ್ತಿತ್ತು, ನಾನೊಬ್ಬಳು ನಿಂತಿದ್ದೆ. ಕೋಣೆಯ ನೆಲದಲ್ಲಿ ಕಬ್ಬಿಣದ ಸರಳು ಹಾಕಿದ ಬೆಳಕಿಂಡಿಯಿದೆ. ಛಾವಣಿಯ ಗಾಜಿನಿಂದ ಬಿದ್ದ ಬೆಳಕು ಅದರ ಮೂಲಕ ಕೆಳಗಿನ ಹಜಾರಕ್ಕೆ ಇಳಿಯುತ್ತದೆ, ಹಜಾರದ ಮಾತುಗಳು ಅದರಿಂದಲೇ ಮೇಲೇರುತ್ತವೆ. ನನ್ನ ಬಗ್ಗೆ ಹೇಳಿದ್ದನ್ನೆಲ್ಲ ನಾನು ಹಾಗೆ ಕೇಳಿಸಿಕೊಂಡೆ.

"ಎಷ್ಟು ಎತ್ತರದಿಂದ ಬಿದ್ಲಂತೆ?"

"ಅಯ್ಯೋ, ಬೆಟ್ಟದಿಂದಾನೇ ಅಂತೆ. ಹೆಣ್ಣುಮಕ್ಳಿಗೆ ಇದೆಲ್ಲ ಬೇಕಿತ್ತಾ?"

ಸೇಬು, ಎಳನೀರು, ಹಾರ್ಲಿಕ್ಸ್ ಬಾಟಲಿಗಳು ಬಂದವು. ಬಂದವರೆಲ್ಲ ನಾನು ಬಿದ್ದ ಕಥೆ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕವಾಡಿದೆ. ಅಮ್ಮನೇ ಕಥೆ ಹೇಳುತ್ತಿದ್ದಳು, ಪ್ರತಿ ಸಲವೂ ನಾನು ಇನ್ನಷ್ಟು ಕೆಟ್ಟದಾಗಿ ಬೀಳುತ್ತಿದ್ದೆ. ಒಮ್ಮೆ ಮರಕ್ಕೆ ಗುದ್ದಿದೆ. ಮತ್ತೊಮ್ಮೆ ಯಾರೋ ಹಿಂದಿನಿಂದ ತಳ್ಳಿದ್ದೂ ಉಂಟು. ಬೆಲ್ಟಿನೊಳಗೆ ಸಿಟ್ಟು ಬಂದರೆ ಏನು ಮಾಡುವುದು? ಎದ್ದು ಹೋಗುವಂತಿಲ್ಲ, ಮಗ್ಗುಲು ಬದಲಿಸುವಂತೆಯೂ ಇಲ್ಲ. ಮಲಗಿದಲ್ಲೇ ಅಳುತ್ತಿದ್ದೆ, ಕಣ್ಣೀರು ಕಿವಿಯೊಳಗೆ ಹೋಗುತ್ತಿತ್ತು.

ಮಾತ್ರೆಗಳು ಹೊಟ್ಟೆ ತೊಳಸುತ್ತಿದ್ದವು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲ ಸಲ ನೋಡಿದಾಗ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಆರೋಗ್ಯ ಕೇಂದ್ರದಾಕೆ ಮನೆಗೆ ಬಂದು ಎಲ್ಲರನ್ನೂ ಪರೀಕ್ಷೆ ಮಾಡುತ್ತೇನೆ, ವಿಳಾಸ ಕೊಡಿ ಎಂದಾಗ ಅಪ್ಪಾಜಿ ಗಲ್ಲಿಯವರಿಗೆ ತಿಳಿಯಬಾರದೆಂದು ಬಸವನಗುಡಿಯ ಸೋದರತ್ತೆಯ ವಿಳಾಸ ಕೊಟ್ಟುಬಿಟ್ಟಿದ್ದರು. ಆಕೆ ನೇರ ಅಲ್ಲಿಗೆ ಹೋಗಿ, ಸೋದರತ್ತೆ, ಮಾವ, ಬಾಡಿಗೆಗಿದ್ದ ಮೇಷ್ಟ್ರು, ಎಲ್ಲರ ಕೈಗೂ ಕಫದ ಡಬ್ಬಿ ಕೊಟ್ಟು ಬಂದಳು. ಸೋದರತ್ತೆ ಅದೇ ಸಂಜೆ ನಮ್ಮ ಹಜಾರದಲ್ಲಿ ನಿಂತು ಕೂಗಾಡಿದರು: "ಮಗಳು ನಿನ್ನೋಳು, ಕೆಮ್ಮೋಳು ನಾನಾ?" ನಾನು ಎಷ್ಟೋ ದಿನಗಳ ಮೇಲೆ ನಕ್ಕೆ. ನಕ್ಕರೆ ಬೆನ್ನು ನೋಯುತ್ತಿತ್ತು. ಕೊನೆಗೆ ಡಾಕ್ಟರಮ್ಮ ಗದರಿದ ಮೇಲೆ ನಮ್ಮ ಮನೆಯವರೂ ಎಕ್ಸ್‌ರೇ ತೆಗೆಸಿಕೊಂಡರು. ಯಾರಿಗೂ ಏನೂ ಇರಲಿಲ್ಲ.

ಆದರೂ ಅಮ್ಮ ನನ್ನ ಲೋಟವನ್ನು ಬೇರೆ ಇಟ್ಟಿದ್ದಳು. ಹಿಡಿಗೆ ಕೆಂಪು ದಾರ ಕಟ್ಟಿದ್ದಳು. ಅವಳ ಕೈ ನನ್ನ ಬೆನ್ನು ಒರೆಸುವಾಗ ಎಂದೂ ಹಿಂಜರಿಯಲಿಲ್ಲ, ಲೋಟದ ವಿಷಯಕ್ಕೆ ಮಾತ್ರ ಹೆದರುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಿ ಮೆಟ್ಟಿಲೇರಿ ಬಂದು ಏದುಸಿರು ಬಿಡುತ್ತಾ ಕೂತರು. ನಾನು ಅರ್ಧಕ್ಕೆ ಬಿಟ್ಟಿದ್ದ ಕಾಫಿಯನ್ನು ಅದೇ ಲೋಟದಿಂದ ಗಟಗಟನೆ ಕುಡಿದರು. ಅಮ್ಮ ಬಾಗಿಲಲ್ಲಿ ಕಿರುಚಿದಳು.

"ಸುಮ್ನಿರೇ," ಎಂದರು ಅಜ್ಜಿ, "ಈ ವಯಸ್ನಲ್ಲಿ ನನ್ನ ಹುಡುಕ್ಕೊಂಡು ಬರೋ ಕಾಯ್ಲೆಗೆ ದಾರಿ ಮರ್ತೋಗಿರತ್ತೆ." ದಾರವನ್ನು ಬಿಚ್ಚಿ ಕಿಟಕಿಯಿಂದಾಚೆ ಎಸೆದರು.

ಇಷ್ಟರಲ್ಲಿ ಠಾಕೂರ್ ಸರ್ ಫೋನ್ ಮಾಡಿದರು. ನಾನು ಅವರ ಕರೆಗಳನ್ನು ತಪ್ಪಿಸುತ್ತಿದ್ದೆ, ಆವತ್ತು ಎತ್ತಿದೆ. ಅವರು ಹಿಂದಿಯಲ್ಲಿ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ ಕೇಳಿದರು:

"ಮಗಳೇ, ನೀನು ಯಾವ ಇಳಿಜಾರಿನಲ್ಲಿ ಬಿದ್ದೆ?"

ಸುಳ್ಳು ನಗರ್ತಪೇಟೆಯಿಂದ ಹೊರಟು ಮನಾಲಿ ಮುಟ್ಟಿತ್ತು. ಯಾರೋ ಬೆಂಗಳೂರಿನ ಚಾರಣಿಗರು ಅಲ್ಲಿ ಹೇಳಿದ್ದರು. ಚಾಂಪಿಯನ್ ಹುಡುಗಿ ಅಭ್ಯಾಸದಲ್ಲಿ ಬಿದ್ದು ಬೆನ್ನು ಮುರಿದುಕೊಂಡರೂ ಕೋಚ್ ಮುಚ್ಚಿಟ್ಟಿದ್ದಾನೆ ಎಂದು ಮಾತೆದ್ದಿತ್ತು. ಸ್ಕೀ ಸಂಘದವರು ಶಿಬಿರವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು, ವಿಚಾರಣೆ ಆಗಬೇಕಿತ್ತು. ಅವರಿಗೂ ಅನುಮಾನ ಹುಟ್ಟಿತ್ತು: ತಾವು ಇಲ್ಲದಾಗ ಒಬ್ಬಳೇ ಹೋಗಿ ಬಿದ್ದು, ಹೇಳದೆ ಊರಿಗೆ ಹೋದಳೇ ಎಂದು. ನನ್ನ ಮೇಲೆ ಅನುಮಾನ, ಅದೂ ಅವರಿಗೆ. ನಾಳೆ ಹೇಳುತ್ತೇನೆ ಸರ್ ಎಂದು ಫೋನಿಟ್ಟೆ.

ಅಪ್ಪಾಜಿಯನ್ನು ಮೇಲೆ ಕರೆಸಿ, ಸರ್‌ಗೆ ನಿಜ ಹೇಳಬೇಕು ಎಂದೆ. "ನಿಶ್ಚಿತಾರ್ಥ ಮುಗೀಲಿ ಕಣಮ್ಮ, ಆಮೇಲೆ ಏನ್ ಬೇಕಾದ್ರೂ ಹೇಳ್ಕೋ" ಎಂದರು. ಅಷ್ಟರಲ್ಲಿ ಸರ್ ಕೆಲಸ ಹೋಗುತ್ತದೆ ಎಂದೆ. ಅಪ್ಪಾಜಿ ಹಳದಿ ಪೈಪನ್ನು ನೋಡುತ್ತಾ ನಿಂತರು. "ಅವ್ರು ಯಾರೋ ಏನೋ. ಇವ್ಳು ನಿನ್ನ ತಂಗಿ" ಎಂದು ಇಳಿದುಹೋದರು. ಬೆಲ್ಟಿಗಿಂತ ಆ ಮಾತು ಬಿಗಿಯಾಗಿತ್ತು. ಒಂದು ಕಡೆ ತಂಗಿ, ಇನ್ನೊಂದು ಕಡೆ ನನಗೆ ನಿಲ್ಲಲು ಕಲಿಸಿದ ಮನುಷ್ಯ. ಇಬ್ಬರ ನಡುವೆ ಅಲ್ಲಾಡಲಾರದೆ ನಾನು.

ರಾತ್ರಿಯ ಮಾತ್ರೆ ಕೊಡಲು ಪಲ್ಲವಿ ಬಂದಾಗ, ಏನು ಮಾಡಲಿ ಎಂದು ಅವಳನ್ನೇ ಕೇಳಿದೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಉಗುರು ಕಚ್ಚಿದಳು. ಆ ಹುಡುಗ ಅವಳಿಗೆ ಇಷ್ಟವಾಗಿದ್ದ, ಅದು ನನಗೆ ಗೊತ್ತಿತ್ತು.

"ನಿಜ ಹೇಳ್ಲಾ ಅಕ್ಕ? ನಂಗೆ ಭಯ ಆಗ್ತಿದೆ," ಎಂದಳು. ಆಮೇಲೆ ತಾನೇ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದಳು. "ಹೇಳ್ಬಿಡು. ನಿಂದೇ ಕಾಯ್ಲೆ ತಾನೇ, ಇವತ್ತಲ್ಲ ನಾಳೆ ಅವ್ರಿಗೂ ಗೊತ್ತಾಗತ್ತೆ. ಕೂದ್ಲು ಮಾತ್ರ ಸರಿ ಮಾಡ್ಕೋ, ದೆವ್ವದ ಥರ ಇದೀಯ."

ವಿಡಿಯೋದಲ್ಲಿ ನಾನು ಹೇಳಿದ್ದು ಇಷ್ಟೇ: ಸರ್, ನಾನು ಬೀಳಲಿಲ್ಲ. ನನಗೆ ಬೆನ್ನುಮೂಳೆಯ ಟಿಬಿ. ನಿಮ್ಮ ತಪ್ಪು ಏನೂ ಇಲ್ಲ, ಇದನ್ನು ಯಾರಿಗೆ ಬೇಕಾದರೂ ತೋರಿಸಿ.

ಅವರು ತೋರಿಸಿದರು. ಶಿಬಿರ ಅವರಿಗೆ ವಾಪಸು ಸಿಕ್ಕಿತು. ಬೆಟ್ಟದ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಮೆಸೇಜು ಕಳಿಸಿದರು. ಅವರಲ್ಲೊಬ್ಬಳು, ನನ್ನನ್ನು ಸೋಲಿಸಲು ವರ್ಷಗಟ್ಟಲೆ ಹಲ್ಲು ಕಚ್ಚಿದವಳು, ತನ್ನಮ್ಮನಿಗೂ ಇದೇ ಇತ್ತು, ಈಗ ಹುಲ್ಲಿನ ಹೊರೆ ಹೊತ್ತು ಬೆಟ್ಟ ಹತ್ತುತ್ತಾಳೆ ಎಂದು ಬರೆದಿದ್ದಳು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ವಿಡಿಯೋ ಬೆಂಗಳೂರಿಗೂ ಬಂತು. ಒಂದು ಭಾನುವಾರ ಹುಡುಗನ ತಂದೆತಾಯಿ ಹೇಳದೆ ಕೇಳದೆ ಹಜಾರಕ್ಕೆ ಬಂದು ಕೂತರು. ನಾನು ಮೇಲೆ ಸೂರು ನೋಡುತ್ತಾ ಮಲಗಿದ್ದೆ. ಬೆಳಕಿಂಡಿಯಿಂದ ಕಾಫಿ ಲೋಟದ ಸದ್ದು ಬಂತು. ಹುಡುಗನ ತಾಯಿ ಸುತ್ತಿ ಬಳಸಿ ಮಾತಾಡಲಿಲ್ಲ.

"ದೊಡ್ಡ ಮಗಳು ಬಿದ್ಲು ಅಂದಿದ್ರಿ. ನಾವು ಬೇರೇನೇ ಕೇಳಿದ್ವಿ."

ಅಮ್ಮ ಏನೋ ಹೇಳಲು ಹೋದಳು, ಮಧ್ಯದಲ್ಲೇ ನಿಲ್ಲಿಸಿದಳು. ಮಡಿಕೆಯ ಗೆರೆ ತೋರಿಸಲು ಅಪ್ಪಾಜಿಗೆ ಈಗಲೂ ದಾರಿಯಿತ್ತು, ಔಷಧದ ಮಂಪರಿನಲ್ಲಿ ಏನೋ ಹೇಳಿದ್ದಾಳೆ ಎನ್ನಬಹುದಿತ್ತು.

"ಪೂರ್ತಿ ಬಿಚ್ಚಿ ಹೇಳ್ತೀನಿ, ಕೇಳಿ," ಎಂದರು ಅಪ್ಪಾಜಿ. ಅಂಗಡಿಯಲ್ಲಿ ಸೀರೆ ಹರಡುವಾಗಿನ ದನಿ ಅದು. "ಅವ್ಳಿಗೆ ಬಂದಿರೋದು ಟಿಬಿ. ಬೆನ್ನಲ್ಲಿ. ವಾಸಿ ಆಗತ್ತೆ ಅಂದಿದಾರೆ, ಆಗ್ತಾ ಇದೆ. ಅಷ್ಟು ದೊಡ್ಡ ಬೆಟ್ಟದಲ್ಲಿ ನನ್ನ ಮಗಳು ಒಂದಿನಾನೂ ಬಿದ್ದೋಳಲ್ಲ. ಅವಳನ್ನ ಬೀಳ್ಸಿದ್ದು ನಾನು. ಈ ಹಜಾರದಲ್ಲಿ ಕೂತ್ಕೊಂಡು ಬಂದೋರ ಮುಂದೆಲ್ಲ ಬೀಳ್ಸಿದೀನಿ."

ನಾನು ಅಳುತ್ತಿದ್ದೆ, ಕಿವಿ ತುಂಬಿಕೊಂಡಿತ್ತು, ಅವರು ಯಾವಾಗ ಎದ್ದು ಹೋದರೆಂಬುದೂ ತಿಳಿಯಲಿಲ್ಲ. ಚಿಕಿತ್ಸೆ ಮುಗಿಯಲಿ, ನೋಡೋಣ ಎಂದು ಹುಡುಗನ ಮನೆಯವರು ಹೇಳಿಕಳಿಸಿದರು. ಒಂದು ವಾರದ ಮೇಲೆ, ಕಾಯುವುದು ತನಗೆ ಆಗದು, ಈ ಸಂಬಂಧ ಬೇಡ ಎಂದು ಪಲ್ಲವಿಯೇ ಹೇಳಿಕಳಿಸಿದಳು. ಅದರ ನೋವು ನನ್ನಲ್ಲಿ ಇನ್ನೂ ಇದೆ. ಅವಳು ಮಾತ್ರ, ನಾನು ಆ ಮಾತು ಎತ್ತಿದರೆ, ನನ್ನ ಬೆನ್ನಿಗೆ ಗುದ್ದುವ ಹಾಗೆ ಕೈಯೆತ್ತಿ, ನೆನಪಾಗಿ, ತೋಳಿಗೆ ಗುದ್ದುತ್ತಾಳೆ.

ಸ್ಪರ್ಧೆ ಇನ್ನಿಲ್ಲ. ಎರಡು ಮೂಳೆಗಳು ಬೆಸೆದುಕೊಂಡಿವೆ, ಹಿಮದಲ್ಲಿ ನಿಧಾನವಾಗಿ ಇಳಿಯಬಹುದು, ಸ್ಪರ್ಧೆಗಿಳಿಯುವಂತಿಲ್ಲ ಎಂದರು ಡಾಕ್ಟರಮ್ಮ. ಅದಕ್ಕಾಗಿ ನಾನು ಅತ್ತದ್ದು ಬೇರೆಯೇ. ಆ ಅಳು ಮುಗಿದಿದೆ ಎಂದು ಸುಳ್ಳು ಹೇಳುವುದಿಲ್ಲ.

ನನ್ನನ್ನು ಮೊದಲ ಸಲ ಕೆಳಗಿಳಿಸಿದ ದಿನವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮೆಟ್ಟಿಲು ಇಕ್ಕಟ್ಟು, ಏಣಿಯಷ್ಟು ಕಡಿದು. ಮೇಲೆ ನಿಂತು ಕಣ್ಣು ಮುಚ್ಚಿ, ಅಂಗೈ ತಿರುಗಿಸುತ್ತಾ ಒಂದೊಂದೇ ಮೆಟ್ಟಿಲನ್ನು ಮನಸ್ಸಿನಲ್ಲಿ ಇಳಿದು ನೋಡಿದೆ. ಈ ಸಲ ಯಾರೂ ಕೈ ಆಡಿಸಬೇಡಿ ಎನ್ನಲಿಲ್ಲ. ಅಪ್ಪಾಜಿ ನನಗೆ ಮುಖ ಮಾಡಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಅವರ ಕೈಗಳು ನನ್ನ ಎರಡೂ ಕಡೆ ಗಾಳಿಯಲ್ಲಿದ್ದವು, ನನ್ನನ್ನು ಮುಟ್ಟಲಿಲ್ಲ. ಹಜಾರ ದಾಟಿ ಹೊಸ್ತಿಲಿಗೆ ಬಂದೆ. ಬಿಸಿಲು ಕಣ್ಣಿಗೆ ಚುಚ್ಚಿತು. ಬಟ್ಟೆಯ ಮೂಟೆ ಹೊತ್ತ ಹಮಾಲನೊಬ್ಬ ನನ್ನ ಬೆಲ್ಟು ಕಂಡು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಲಲಿತಮ್ಮ ಮೇಲಿನ ಕಿಟಕಿಯಿಂದ ಬಗ್ಗಿ ಕೂಗಿದರು:

"ಹುಷಾರಮ್ಮ ಚೈತ್ರಾ! ಹಿಮದಲ್ಲಿ ಬಿದ್ದ ಬೆನ್ನು ಅದು!"

ನಾನು ಬಾಯಿ ತೆರೆಯುವ ಮೊದಲೇ ಅಪ್ಪಾಜಿ ಕತ್ತೆತ್ತಿ, ಗಲ್ಲಿಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿದರು:

"ಬಿದ್ದಿಲ್ಲ ಕಣ್ರೀ ಲಲಿತಮ್ಮಾ! ಟಿಬಿ! ನನ್ನ ಮಗಳು ಬೀಳೋಳಲ್ಲ!"

ನಾನು ಹೊಸ್ತಿಲು ದಾಟಿ ರಸ್ತೆಗೆ ಕಾಲಿಟ್ಟೆ.